ಸಾವಂತ್ರಮ್ಮ ಕೇಳಿದ ಬೇಲಿ

ಸಾವಂತ್ರಮ್ಮ ಪಂಚಾಯ್ತಿ ಮೆಂಬರ್ ಆಗಿದ್ದು ತಾವು ನಡೆಸುತ್ತಿದ್ದ ಹಿಟ್ಟಿನ ಗಿರಣಿಯಿಂದ. ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಆ ಊರಿನಲ್ಲಿ ಜೋಳ, ರಾಗಿ ಬೀಸಿಸಲು ಬಂದ ಹೆಂಗಸರು ಡಬ್ಬಿ ಕೆಳಗಿಟ್ಟು, ಬೀದಿದೀಪದಿಂದ ಹಿಡಿದು ವಿಧವಾ ವೇತನದವರೆಗೆ ಎಲ್ಲವನ್ನೂ ಅವರ ಹತ್ತಿರವೇ ಹೇಳಿಕೊಳ್ಳುತ್ತಿದ್ದರು. ಚುನಾವಣೆ ಬಂದಾಗ ಒತ್ತಾಯ ಮಾಡಿ ನಿಲ್ಲಿಸಿ ಗೆಲ್ಲಿಸಿದವರೂ ಆ ಹೆಂಗಸರೇ.

ಮರುವರ್ಷ ಹೊಳೆಯಲ್ಲಿ ಮರಳು ತೆಗೆಯುವುದು ಶುರುವಾಯಿತು. ಗುತ್ತಿಗೆದಾರ ಸುದೀಪ್‌ಗೆ ಪರವಾನಗಿ ಇದ್ದದ್ದು ಊರಿಂದ ದೂರದ ಒಂದು ತುಂಡು ಜಾಗಕ್ಕೆ. ಅವನ ಯಂತ್ರಗಳು ಬಟ್ಟೆ ಒಗೆಯುವ ಕಲ್ಲುಗಳ ಬುಡಕ್ಕೇ ಬಂದವು. ಮೊಣಕಾಲುದ್ದ ನೀರಿದ್ದಲ್ಲಿ ಆಳೆತ್ತರದ ಗುಂಡಿಗಳಾದವು.

ಸಾವಂತ್ರಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತರು. "ನಾನ್ ದೂರು ಕೊಡ್ತೀನಿ. ಸಾಹೇಬ್ರನ್ನ ಇಲ್ಲಿಗೇ ಕರಸ್ತೀನಿ. ನಂಬ್ರಿ ನನ್ನ."

ಜನ ನಂಬಿದರು. ಅಧಿಕಾರಿಗಳ ಜೀಪು ಬಂದ ದಿನ ಹೊಳೆಯಲ್ಲಿ ಒಂದು ಟಿಪ್ಪರ್ ಕೂಡ ಇರಲಿಲ್ಲ. ಮರುದಿನ ಎಲ್ಲವೂ ವಾಪಸ್ ಬಂದವು. ಸುದ್ದಿ ಮುಟ್ಟಿಸಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಆ ತಿಂಗಳಲ್ಲೇ ಅದೇ ಊರಿನ ಮಾಲತೇಶನ ಹೆಂಡತಿ ಪ್ರಮೀಳಾ, ಬಟ್ಟೆ ಒಗೆಯುವಾಗ ತೇಲಿಹೋಗುತ್ತಿದ್ದ ದುಪ್ಪಟಿ ಹಿಡಿಯಲು ಮುಂದೆ ಹೋಗಿ, ಗುಂಡಿಗೆ ಬಿದ್ದು ಸತ್ತಳು. ಮಣ್ಣು ಮುಗಿಸಿ ಬಂದ ಮಾಲತೇಶ್ ಸಾವಂತ್ರಮ್ಮನ ಎದುರು ನಿಂತ.

"ಜೀಪ್ ಬರೋದು ನಿನ್ನ ಬಿಟ್ರೆ ಯಾರಿಗ್ ಗೊತ್ತಿತ್ತಕ್ಕಾ?"

"ದೇವ್ರಾಣೆ ನಾನಲ್ಲಪ್ಪ. ಆಫೀಸ್‌ನಾಗೂ ಗೊತ್ತಿತ್ತಲ್ಲ."

"ಆಫೀಸಂದ್ರೂ ಒಂದೇ, ನೀನಂದ್ರೂ ಒಂದೇ."

ಗಿರಣಿ ಬಿಕೋ ಅನ್ನತೊಡಗಿತು. ಹೆಂಗಸರು ಬಸ್ಸು ಹತ್ತಿ ಹೊನ್ನಾಳಿಯಲ್ಲಿ ಬೀಸಿಸಿಕೊಂಡು ಬಂದರು. ಮುಂದಿನ ಗ್ರಾಮಸಭೆಯಲ್ಲಿ ಹಾಸಿದ ಜಮಖಾನ ಹಾಗೇ ಉಳಿಯಿತು. ಗುಂಡಿಗೆ ಬೇಲಿ ಹಾಕಿಸಿ ಎಂದು ಸಾವಂತ್ರಮ್ಮ ಎಷ್ಟು ಸಲ ಕೇಳಿದರೂ ಪಂಚಾಯ್ತಿಯಲ್ಲಿ ಒಂದೇ ಉತ್ತರ: "ಅನುದಾನ ಬರ್ಲಿ, ನೋಡಾಣ." ಅಷ್ಟರಲ್ಲಿ ಊರವರು ಬೇರೆ ದಾರಿ ಹಿಡಿದಿದ್ದರು. ಕೆಟ್ಟ ಮೋಟರಿಗೆ, ಗುಡಿಯ ಚಾವಣಿ ಶೀಟಿಗೆ, ಆಸ್ಪತ್ರೆಗೆ ಹೋಗುವ ಗಾಡಿಗೆ ಸುದೀಪ್‌ನ ಶೆಡ್ಡಿನ ಮುಂದೆ ನಿಲ್ಲುತ್ತಿದ್ದರು. ಅವನು ಇಲ್ಲ ಎನ್ನುತ್ತಿರಲಿಲ್ಲ.

ಬೇಸಿಗೆ ರಜೆ ಬಂತು. ಮಕ್ಕಳು ಈಜಲು ಹೊಳೆಗಿಳಿಯುವುದನ್ನು ಕಂಡ ಸಾವಂತ್ರಮ್ಮ ಮನಸ್ಸು ಕಲ್ಲು ಮಾಡಿಕೊಂಡು ಆ ಶೆಡ್ಡಿಗೆ ಹೋದರು.

"ಬರ್ರಿ ಮೆಂಬರ್ರೇ," ಸುದೀಪ್ ಕುರ್ಚಿ ಎಳೆದ.

"ಗುಂಡಿಗೊಂದ್ ಬೇಲಿ ಹಾಕ್ಸಪ್ಪ. ಮಕ್ಳು ಬೀಳ್ತಾವೆ."

"ಅಷ್ಟೇನಾ? ಇದನ್ನ ಹೇಳಾಕೆ ನೀವ್ಯಾಕ್ ಬರಾಕೆ ಹೋದ್ರಿ?"

ಸಂಜೆಯೊಳಗೆ ಕಂಬ ನೆಟ್ಟು ಮುಳ್ಳುತಂತಿ ಎಳೆದಾಯಿತು. ತಂತಿ ಬಿಗಿಯುವವರ ಜೊತೆ ಮಾಲತೇಶನೂ ಕೈಜೋಡಿಸಿದ.

"ಪಂಚಾಯ್ತಿ ಕೈಲಿ ಆಗದ್ದು ಇವ್ನ ಕೈಲಿ ಆತು ನೋಡ್ರಿ," ಎಂದರು ಯಾರೋ.

ಗುಂಡಿ ತೋಡಿದ್ದು ಯಾರು ಎಂದು ಕೇಳಬೇಕೆನಿಸಿತು ಸಾವಂತ್ರಮ್ಮನಿಗೆ. ತಾವೇ ಹೋಗಿ ಬೇಡಿಕೊಂಡು ಬಂದಿದ್ದರಿಂದ ಬಾಯಿ ಬರಲಿಲ್ಲ.

ಮುಂದಿನ ಚುನಾವಣೆಗೆ ಅವರು ನಿಲ್ಲಲಿಲ್ಲ. ಆ ಸೀಟಿಗೆ ಸುದೀಪ್‌ನ ಮೇಸ್ತ್ರಿಯ ಹೆಂಡತಿ ಅವಿರೋಧವಾಗಿ ಆರಿಸಿ ಬಂದಳು.