ಗೇಣಿ ಅಕ್ಕಿಯ ಗಂಟು

ಆಟಿ ತಿಂಗಳು ಹಿಡಿದು ನಾಲ್ಕು ದಿನವಾಗಿತ್ತು. ಧನಿಗಳ ಮನೆಯ ಪಾರುಪತ್ಯದ ನೋಣಯ್ಯ ಕೊಡೆ ಮಡಚಿ ಜಗಲಿಗೆ ಒರಗಿಸಿ, ಅಂಗಿಯೊಳಗಿನಿಂದ ಒಂದು ಕಾಗದ ತೆಗೆದಾಗಲೇ ಸೇಸಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಆ ಮನೆಗೆ ಕಾಗದ ಬಂದದ್ದು ಅದೇ ಮೊದಲು.

"ಏನಿಲ್ಲ ಸೇಸಕ್ಕ, ಇಲ್ಲಿ ಒಂದು ಹೆಬ್ಬೆಟ್ಟು ಒತ್ತು. ಗದ್ದೆ ಮೊದಲಿನ ಹಾಗೆ ನೀನೇ ಮಾಡು. ಹೊಸ ಕಾನೂನು ಬರ್ತದಂತಲ್ಲ, ಅದಕ್ಕೊಂದು ಶಾಸ್ತ್ರ."

"ಅದರಲ್ಲಿ ಎಂತ ಬರೆದುಂಟು?"

"ಓದಿ ಹೇಳಿದರೆ ನಿನಗೆ ಅರ್ಥ ಆಗ್ತದಾ? ಧನಿಗಳು ಬರೆಸಿದ್ದು."

ಸೇಸಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಅಲ್ಲ ನೋಣಯ್ಯಣ್ಣ, ಆಟಿಯಲ್ಲಿ ನಾವು ಹೊಸ ಸೊಸೆಯನ್ನೇ ತವರಿಗೆ ಕಳಿಸ್ತೇವೆ. ಈ ತಿಂಗಳಲ್ಲಿ ಹೆಬ್ಬೆಟ್ಟು ಒತ್ತಿದರೆ ಧನಿಗಳಿಗೇ ಒಳ್ಳೆಯದಲ್ಲ. ಆಟಿ ಮುಗಿದು ಸೋಣ ಸಂಕ್ರಾಂತಿ ಕಳೆಯಲಿ."

ನೋಣಯ್ಯನೂ ಆಟಿಗೆ ಹೆದರುವವನೇ. ಕಾಗದವನ್ನು ಮತ್ತೆ ಅಂಗಿಯೊಳಗೆ ತುರುಕಿ, "ಸೋಣ ಒಂದಕ್ಕೆ ಬರ್ತೇನೆ. ಆಗ ಕೈ ನೋವು ಅಂತ ಹೇಳಬೇಡ ಮಾರಾಯ್ತಿ" ಎಂದು ಹೋದ.

ಪುತ್ತಿಗೆಯ ಆ ಮೂರು ಗದ್ದೆಗೆ ಸೇಸಮ್ಮ ಮದುವೆಯಾಗಿ ಬಂದವಳು ಎಂದೇ ಹೇಳಬೇಕು. ಗಂಡ ಡೊಂಬಯ್ಯ ಬದುಕಿದ್ದಾಗಲೂ ಗದ್ದೆಯ ನೀರು ತಿರುಗಿಸುವುದಕ್ಕೆ ಅವಳೇ ಹೋಗಬೇಕಾಗಿತ್ತು. ಅವನು ಚಳಿಜ್ವರದಲ್ಲಿ ಹೋದ ಮೇಲೆ ಹನ್ನೊಂದು ವರ್ಷ ಒಬ್ಬಳೇ ದುಡಿದಳು. ಮಕ್ಕಳಿಲ್ಲ. ಗದ್ದೆ ಧನಿ ಪದ್ಮಯ್ಯನವರದು. ವರ್ಷಕ್ಕೆ ಹುಲ್ಲಿನಲ್ಲಿ ಕಟ್ಟಿದ ಹದಿನಾಲ್ಕು ಮುಡಿ ಅಕ್ಕಿ ಗೇಣಿ. ಎಲ್ಲ ಬಾಯಿಮಾತು. ಗೇಣಿ ಸಂದದ್ದಕ್ಕೆ ಚೀಟಿ ಕೊಡುವ ಕ್ರಮವೂ ಇರಲಿಲ್ಲ, ಕೇಳುವ ಕ್ರಮವೂ ಇರಲಿಲ್ಲ. ಧನಿಗಳು ಏಳು ಅಂದರೆ ಏಳಬೇಕು, ಅದಕ್ಕೇ ಅದನ್ನು ಚಾಲಗೇಣಿ ಎನ್ನುವುದು.

ಮೇಲಿನ ಎರಡು ಗದ್ದೆ ಅವಳು ಮಾಡುತ್ತಿದ್ದಳು. ತೋಡಿನ ಬದಿಯ ಕೆಳಗಿನ ಗದ್ದೆಗೆ ಅವಳ ಕೈ ಎಟುಕದೆ, ಅಲ್ಲೇ ಗುಡಿಸಲು ಹಾಕಿಕೊಂಡಿದ್ದ ಹುಕ್ರಪ್ಪನಿಗೆ ಬಿಟ್ಟಿದ್ದಳು. ಅವನು ಉತ್ತು ಬಿತ್ತಿ ಬೆಳೆದದ್ದರಲ್ಲಿ ಅರ್ಧ ತಂದು ಅವಳ ಅಂಗಳಕ್ಕೆ ಹಾಕುತ್ತಿದ್ದ. ಊರಿಗೆಲ್ಲ ಅವನು ಹುಕ್ರ. ಸೇಸಮ್ಮನಿಗೂ ಹುಕ್ರನೇ.

ನೆರೆಮನೆಯ ಬೀಯಮ್ಮ ಎಲೆ, ಹೊಗೆಸೊಪ್ಪು ತುಂಬಿದ ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತ ಸಂಗತಿಯನ್ನೆಲ್ಲ ಕೇಳಿದಳು. ಅವಳ ಗಂಡ ಬಾವಾ ಬೀಡಿ ಕೊಡಲು ಮೂಡುಬಿದಿರೆಗೆ ಹೋದಾಗಲೆಲ್ಲ ಪೇಟೆಯ ಸುದ್ದಿಯನ್ನು ಹೊತ್ತು ತರುತ್ತಿದ್ದ.

"ಒತ್ತಬೇಡ ಸೇಸಮ್ಮಕ್ಕ. ಕಲ್ಲಡ್ಕದಲ್ಲಿ ನನ್ನ ಮಾವ ಒತ್ತಿದ್ದು ಹೀಗೆಯೇ. 'ನಾನಾಗಿಯೇ ಗದ್ದೆ ಬಿಟ್ಟುಕೊಟ್ಟಿದ್ದೇನೆ' ಅಂತ ಇತ್ತಂತೆ ಅದರಲ್ಲಿ. ಈಗ ಅಂಗಡಿಯ ಹಿಂದೆ ಗೋಣಿ ಹಾಸಿ ಮಲಗುವುದು."

"ಮತ್ತೆ ಕಾನೂನು ಬರ್ತದಂತಲ್ಲ?"

"ಬರುವ ಮೊದಲೇ ಹೀಗೆ. ಬುಧವಾರ ಶಾಲೆಗೆ ಸರಕಾರದ ಒಬ್ಬ ಸಾಹೇಬ ಬರ್ತಾನಂತೆ. ಕಾನೂನಿನಿಂದ ಯಾರಿಗೆ ಒಳ್ಳೆಯದು, ಯಾರಿಗೆ ಪೆಟ್ಟು, ಅಂತ ಕೇಳಿ ಬರೆಯಲಿಕ್ಕೆ. ಹೋಗಿ ಹೇಳು. ಗದ್ದೆಯಲ್ಲಿ ಕೆಸರು ತುಳಿದವರಿಗೇ ಗದ್ದೆಯಂತೆ."

"ನನ್ನ ಹತ್ರ ಸಾಕ್ಷಿ ಎಂತ ಉಂಟು ಬೀಯಮ್ಮ?"

"ಹುಕ್ರ ಇಲ್ವಾ? ಗೇಣಿಯ ಮುಡಿ ಕಟ್ಟುವವನು ಅವನೇ ಅಲ್ವಾ?" ಬೀಯಮ್ಮ ನೂಲನ್ನು ಹಲ್ಲಿನಲ್ಲಿ ಕಡಿದು ನಕ್ಕಳು. "ಆದರೆ ತುಳಿದವರಿಗೇ ಅಂದರೆ, ಕೆಳಗಿನದರಲ್ಲಿ ತುಳಿಯುವುದು ಹುಕ್ರ. ಅವನ ಲೆಕ್ಕಕ್ಕೆ ನೀನೂ ಒಂದು ಸಣ್ಣ ಧನಿಯೇ ಅಲ್ವಾ ಸೇಸಮ್ಮಕ್ಕ?"

ಬೀಯಮ್ಮ ತಮಾಷೆಗೆ ಅಂದದ್ದು. ಆದರೆ ಆ ಮಾತು ಸೇಸಮ್ಮನನ್ನು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಅಕ್ಕಿಯ ಮುಡಿಯನ್ನು ಬೈಹುಲ್ಲಿನಲ್ಲಿ ಗುಂಡಗೆ ಕಟ್ಟುವುದು ಎಲ್ಲರ ಕೈಗೆ ಬರುವ ಕೆಲಸವಲ್ಲ. ಕಟ್ಟುವವರಲ್ಲೂ ಒಬ್ಬೊಬ್ಬರ ಗಂಟು ಒಂದೊಂದು ಬಗೆ. ಹುಕ್ರನದು ಹಗ್ಗವನ್ನು ಎಡಕ್ಕೆ ತಿರುವಿ ಮುಡಿಯ ಹೊಟ್ಟೆಯಡಿ ಸಿಕ್ಕಿಸುವ ಗಂಟು. ಕಳೆದ ವರ್ಷದ ಮುಡಿಗಳು ಧನಿಗಳ ಅಟ್ಟದಲ್ಲಿ ಇನ್ನೂ ಇವೆ. ಅವಳ ಹನ್ನೊಂದು ವರ್ಷಕ್ಕೆ ಇರುವ ಗುರುತು ಅದೊಂದೇ. ಅದೂ ಅವಳ ಕೈಯದಲ್ಲ.

ಕೆಳಗಿನ ಗದ್ದೆ ಹುಕ್ರನದೆಂದಾಗಿ ಅವನ ಅರ್ಧ ಬಾರದೆ ಹೋದರೆ ಗೇಣಿ ಕೊಟ್ಟು ಅವಳಿಗೆ ಉಳಿಯುವುದೆಷ್ಟು? ಎರಡು ಹೊತ್ತಿನ ಗಂಜಿ ಒಂದು ಹೊತ್ತಾಗುತ್ತದೆ. ಸಾಕ್ಷಿಗೆ ಅವನನ್ನು ಕರೆಯದಿದ್ದರೆ ಆ ಒಂದು ಹೊತ್ತೂ ಇಲ್ಲ.

ಮಂಗಳವಾರ ಗುಡಿಸಲಿಗೆ ಹೋದಳು. ಹುಕ್ರಪ್ಪ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹುಲ್ಲಿನ ಹಗ್ಗ ಹೊಸೆಯುತ್ತಿದ್ದ.

"ಹುಕ್ರ, ನಾಳೆ ಶಾಲೆಗೆ ಬರ್ತೀಯಲ್ಲ? ಸೇಸಕ್ಕನ ಮುಡಿ ಕಟ್ಟಿದ್ದು ನಾನೇ ಅಂತ ಹೇಳು. ಅಷ್ಟು ಸಾಕು."

"ಅಷ್ಟೇಯಾ ಅಕ್ಕ?" ಹೊಸೆಯುವ ಕೈ ನಿಲ್ಲಲಿಲ್ಲ. "ನಿನ್ನೆ ನೋಣಯ್ಯಣ್ಣ ಬಂದಿದ್ದರು. ಧನಿಗಳ ಆಳಾಗಿ ಕಟ್ಟಿದ್ದು ಅಂತ ಹೇಳಬೇಕಂತೆ. ಹೇಳಿದರೆ ಗುಡಿಸಲು ತೆಗೆಸುವುದಿಲ್ಲವಂತೆ."

ಸೇಸಮ್ಮ ಅಲ್ಲೇ ಕುಕ್ಕರಿಸಿದಳು. "ನೀನು ಎಂತ ಹೇಳಿದಿ?"

"ಎಂತ ಹೇಳುವುದು? ಹೂಂ ಅಂದೆ. ಅವರ ಎದುರು ಬೇರೆ ಎಂತ ಹೇಳ್ಲಿಕ್ಕೆ ಆಗ್ತದೆ?" ಮತ್ತೆ ತಲೆ ಎತ್ತದೆಯೇ ಕೇಳಿದ, "ಕೆಳಗಿನ ಗದ್ದೆ ಯಾರು ಮಾಡುವುದು ಅಂತ ಸಾಹೇಬರು ಕೇಳಿದರೆ, ಅಕ್ಕ?"

ಸೇಸಮ್ಮ ಹೊತ್ತಾಯಿತು ಅಂತ ಎದ್ದು ಬಂದುಬಿಟ್ಟಳು.

ಬುಧವಾರ ಶಾಲೆಯ ಜಗಲಿಯಲ್ಲಿ ಮೇಜು ಹಾಕಿ ಸಾಹೇಬರು ಕೂತಿದ್ದರು, ಮೈಸೂರು ಕಡೆಯ ಹುಡುಗುಪ್ರಾಯದವರು. ಪಕ್ಕದ ಕುರ್ಚಿಯಲ್ಲಿ ಪದ್ಮಯ್ಯನವರು. ಒಕ್ಕಲುಗಳು ಮೆಟ್ಟಿಲಿನ ಬಳಿ ನಿಂತಿದ್ದರು. ಹುಕ್ರಪ್ಪ ಅಂಗಳದ ಆಚೆ ತುದಿಯಲ್ಲಿದ್ದ.

"ಏನಮ್ಮ, ಗದ್ದೆ ನೀವೇ ಮಾಡ್ತಿರೋದಾ? ರಸೀದಿ ಏನಾದ್ರೂ ಇದೆಯಾ?"

ಸೇಸಮ್ಮ ಬಾಯಿ ತೆರೆಯುವ ಮೊದಲೇ ಪದ್ಮಯ್ಯನವರು ಮೆಲ್ಲಗೆ ಅಂದರು, "ಸೇಸು ನಮ್ಮ ಹಳೇ ಕೆಲಸದವಳು ಸಾಹೇಬ್ರೇ. ಬೀಜ ನಮ್ಮದು, ಆಳು ನಮ್ಮವರು. ಗಂಡ ಸತ್ತ ಮೇಲೆ ಪಾಪ ಅಂತ ಕೂರಿಸಿದ್ದು."

ಅವರ ದನಿ ಎಷ್ಟು ಮೃದುವಾಗಿತ್ತೆಂದರೆ ಒಂದು ಗಳಿಗೆ ಸೇಸಮ್ಮನಿಗೇ ಅದು ನಿಜವಿರಬಹುದೇ ಅನ್ನಿಸಿತು. ಅವಳು ಮೇಜಿನ ಹತ್ತಿರ ಬಂದಳು. "ರಸೀದಿ ಇಲ್ಲ ಸ್ವಾಮಿ. ಗಂಟು ಉಂಟು."

"ಗಂಟಾ?"

"ಧನಿಗಳ ಅಟ್ಟದಲ್ಲಿ ನನ್ನ ಅಂಗಳದಿಂದ ಹೋದ ಮುಡಿ ಉಂಟು. ಧನಿಗಳ ಆಳುಗಳ ಗಂಟು ಬಲಕ್ಕೆ. ನನ್ನ ಮುಡಿಯದು ಎಡಕ್ಕೆ."

ಜನರ ನಡುವಿನಿಂದ ಬಾವಾ ಕೂಗಿದ, "ಹೌದು ಸಾಹೇಬ್ರೇ! ಹುಕ್ರನ ಗಂಟು ಬಿಡಿಸಲಿಕ್ಕೆ ಕತ್ತಿಯೇ ಬೇಕು, ಇಡೀ ಊರಿಗೆ ಗೊತ್ತುಂಟು!" ನಾಲ್ಕು ಜನ ನಕ್ಕರು. ಪದ್ಮಯ್ಯನವರು ನಗಲಿಲ್ಲ.

"ಯಾರಪ್ಪ ಹುಕ್ರ? ಇಲ್ಲಿ ಬಾ. ನೀನು ಕಟ್ಟಿದ್ದು ಯಾರ ಗದ್ದೆಯ ಅಕ್ಕಿ?"

ಹುಕ್ರಪ್ಪ ಮೆಟ್ಟಿಲಿನ ತನಕ ಬಂದು ನಿಂತ. ನೋಣಯ್ಯ ಕೆಮ್ಮಿದ. ಹುಕ್ರಪ್ಪ ಒಮ್ಮೆ ಅವನ ಕಡೆ, ಒಮ್ಮೆ ಸೇಸಮ್ಮನ ಕಡೆ ನೋಡಿದ. ತಾನು ನಿನ್ನೆ ಕೊಡದ ಉತ್ತರಕ್ಕೇ ಅವನು ಕಾಯುತ್ತಿದ್ದಾನೆ ಎಂದು ಸೇಸಮ್ಮನಿಗೆ ತಿಳಿಯಿತು. ಎರಡು ಹೊತ್ತಿನ ಗಂಜಿ ಕಣ್ಣ ಮುಂದೆ ಬಂತು.

"ಮೇಲಿನ ಎರಡು ಗದ್ದೆ ನಾನು ಮಾಡುವುದು" ಅಂದಳು. "ಕೆಳಗಿನದು ಹುಕ್ರಪ್ಪ ಮಾಡುವುದು. ಅವನು ಧನಿಗಳ ಆಳಲ್ಲ, ನನ್ನ ಆಳೂ ಅಲ್ಲ. ಹಾಗೆಯೇ ಬರೆಯಿರಿ."

ಊರಲ್ಲಿ ಯಾರೂ ಅವನನ್ನು ಹುಕ್ರಪ್ಪ ಎಂದು ಕರೆದದ್ದಿರಲಿಲ್ಲ. ಅವನು ತಲೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದ. "ಹೌದು ಸ್ವಾಮಿ. ಮುಡಿ ಎಲ್ಲ ನಾನೇ ಕಟ್ಟಿದ್ದು. ಅಕ್ಕನ ಅಂಗಳದಲ್ಲಿ."

ಸಾಹೇಬರು ಬರೆದುಕೊಂಡರು. "ಬರ್ಕೊಂಡಿದ್ದೀನಮ್ಮ. ಕಾನೂನು ಬರೋವರೆಗೆ ನಾನೇನೂ ಹೇಳೋಕಾಗಲ್ಲ."

ಸೋಣ ಒಂದಕ್ಕೆ ನೋಣಯ್ಯ ಹೇಳಿದಂತೆ ಬಂದ. ಸೇಸಮ್ಮ ಹೆಬ್ಬೆಟ್ಟು ಒತ್ತಲಿಲ್ಲ. "ಹಾಗಾದರೆ ಈ ವರ್ಷದ ಗೇಣಿ ಧನಿಗಳು ಮುಟ್ಟುವುದಿಲ್ಲ. ಗೇಣಿ ಕೊಡದವಳು ಅಂತ ಎಬ್ಬಿಸ್ತಾರೆ ನೋಡು" ಎಂದು ಹೋದ. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ತೆನೆ ತುಂಬಿದರೂ ಹೆದರಿಕೆ, ಕೊಯ್ಲಾದರೂ ಹೆದರಿಕೆ. ನಾಯಿ ಬೊಗಳಿದರೆ ನೋಣಯ್ಯನೇ ಬಂದ ಅನ್ನಿಸುತ್ತಿತ್ತು.

ಅಕ್ಕಿಯಾದ ಮೇಲೆ ಹುಕ್ರಪ್ಪ ಈ ಸಲ ಅವಳ ಅಂಗಳಕ್ಕೆ ಅರ್ಧ ತಂದು ಹಾಕದೆ, ತನ್ನ ಗದ್ದೆಯ ಪಾಲಿನ ಗೇಣಿ ನಾಲ್ಕು ಮುಡಿಯನ್ನು ಗುಡಿಸಲಿನಲ್ಲೇ ಕಟ್ಟಿದ. ಮತ್ತೆ ಕರೆಯದೆಯೇ ಅವಳ ಅಂಗಳಕ್ಕೂ ಬಂದ. ಹುಲ್ಲು ಹಾಸಿದ, ಅಕ್ಕಿ ಸುರಿದ, ತುಳಿದು ಗುಂಡಗೆ ಮಾಡಿದ. ಕೊನೆಗೆ ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟ.

"ಗಂಟು ನೀವೇ ಹಾಕಿ ಅಕ್ಕ. ನಾಳೆ ಯಾರಾದರೂ ಕೇಳಿದರೆ ಗುರುತು ನಿಮ್ಮ ಕೈಯದೇ ಇರಲಿ."

ಹತ್ತು ಮುಡಿಗೂ ಅವಳೇ ಹಾಕಿದಳು. ಅಂಗೈ ಸುಲಿಯಿತು. ಒಂದು ಗಂಟಿನ ಹಾಗೆ ಇನ್ನೊಂದಿರಲಿಲ್ಲ.

ಇಬ್ಬರೂ ಹೊತ್ತು ತಂದ ಹದಿನಾಲ್ಕು ಮುಡಿ ಧನಿಗಳ ಅಂಗಳದಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಬಿಸಿಲಿನಲ್ಲೇ ಇದ್ದವು. ಅವರೂ ಅಲ್ಲೇ ಬದಿಯಲ್ಲಿ ಕೂತಿದ್ದರು. ಒಳಗಿನಿಂದ ಯಾರೂ ಬರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ಊಟದ ಮೇಲೆ ಪದ್ಮಯ್ಯನವರು ಹೊರಗೆ ಬಂದು ಒಂದು ಮುಡಿಯ ಅಡಿಯನ್ನು ಬೆರಳಿನಿಂದ ತಡವಿದರು.

"ಇದು ಯಾರ ಗಂಟು?"

"ನನ್ನದು ಧನಿಗಳೇ."

"ಚಂದ ಇಲ್ಲ."

"ಇಲ್ಲ ಧನಿಗಳೇ."

ಅವರು ದಾರಿಯ ಕಡೆ ನೋಡಿದರು, ಮುಡಿಗಳ ಕಡೆ ನೋಡಿದರು. "ನೋಣಯ್ಯ, ಅಟ್ಟಕ್ಕೆ ಹಾಕಿಸು" ಎಂದು ಒಳಗೆ ಹೋದರು.

ಮುಡಿಗಳು ಒಂದೊಂದಾಗಿ ಏಣಿ ಹತ್ತಿದವು. ಸೇಸಮ್ಮ ಏಳಲಿಲ್ಲ. ಹುಕ್ರಪ್ಪನೂ ಏಳಲಿಲ್ಲ.

"ಇನ್ನೆಂತ?" ಎಂದ ನೋಣಯ್ಯ.

"ಚೀಟಿ" ಎಂದಳು ಸೇಸಮ್ಮ. "ಎರಡು."

ನೋಣಯ್ಯ ಏನೋ ಗೊಣಗುತ್ತ ಮಸಿಯ ಕುಪ್ಪಿ ಹುಡುಕಲು ಒಳಗೆ ಹೋದ. ಇಬ್ಬರೂ ಅಂಗಳದ ಬದಿಯಲ್ಲಿ ಬಾಗಿಲನ್ನೇ ನೋಡುತ್ತ ಕೂತರು.