ಜಯಮ್ಮನವರ ಸೊಟ್ಟ ದಾರಿ

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಎಂ.ಎ. ಕೊನೆಯ ಪರೀಕ್ಷೆ ಮುಗಿದ ಮರುದಿನವೇ ಗೆಳತಿ ಸವಿತಾ ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಹಾಸನದಿಂದ ಗೊರೂರು ದಾಟಿ ಹೋದರೆ ಹೇಮಾವತಿ ಹಿನ್ನೀರಿನ ದಡದಲ್ಲಿರುವ ಸಣ್ಣ ಊರು. ನಾನು ಚನ್ನರಾಯಪಟ್ಟಣದವಳು. ದೊಡ್ಡಗದ್ದವಳ್ಳಿ ದೇವಸ್ಥಾನ, ಅಣೆಕಟ್ಟು, ತೆಪ್ಪದ ಸವಾರಿ ಎಂದು ನೋಡಬೇಕಾದ್ದನ್ನೆಲ್ಲ ಮೊದಲೇ ಬರೆದಿಟ್ಟುಕೊಂಡಿದ್ದೆ.

ಆ ಊರಲ್ಲಿ ಯಾರಿಗೂ ಅವಸರವಿರಲಿಲ್ಲ. ಬೆಳಿಗ್ಗೆ ಮೀನಿನ ತೆಪ್ಪಗಳು ದಡಕ್ಕೆ ಬಂದಾಗ ಜನ ಪಾತ್ರೆ ಹಿಡಿದು ಇಳಿಯುತ್ತಿದ್ದರು. ಮೀನು ಕೊಂಡ ಮೇಲೂ ಬಿಸಿಲು ಏರುವ ತನಕ ಅಲ್ಲೇ ಮಾತಾಡುತ್ತ ನಿಲ್ಲುತ್ತಿದ್ದರು. ಮಧ್ಯಾಹ್ನ ಇಡೀ ಬೀದಿ ಹೊಂಗೆ ಮರದ ಕೆಳಗೆ ಮಲಗುತ್ತಿತ್ತು. ಸಂಜೆ ನೀರಿನ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಿದ್ದರು. ಅವರೆಲ್ಲ ಏನು ಮಾಡುತ್ತಿದ್ದಾರೆಂದು ಸವಿತಾಳನ್ನು ಕೇಳಿದೆ. "ಕೂತಿದಾರೆ," ಎಂದಳು. ದೇವಸ್ಥಾನಕ್ಕೆ ಹೊರಡೋಣ ಎಂದರೆ ನಾಳೆ ಹೋದರಾಯ್ತು ಅನ್ನುವಳು. ಎರಡನೆಯ ದಿನಕ್ಕೆ ನಾನೂ ಕೇಳುವುದನ್ನು ಬಿಟ್ಟೆ.

ನನ್ನನ್ನು ಹಿಡಿದಿಟ್ಟದ್ದು ಬೇರೆಯೇ ಒಂದು ನೋಟ. ಬೇಸಿಗೆಯಲ್ಲಿ ನೀರು ಬಹಳ ದೂರ ಹಿಂದಕ್ಕೆ ಸರಿದು, ಮನೆಗಳ ಮುಂದೆ ದೊಡ್ಡ ಮಣ್ಣಿನ ಬಯಲು ತೆರೆದುಕೊಂಡಿತ್ತು. ಆ ತುದಿಯಲ್ಲಿ ಮಾತ್ರ ಹಸಿ ಹುಲ್ಲು. ಸವಿತಾಳ ದೊಡ್ಡಮ್ಮ ಜಯಮ್ಮನವರು ದಿನವೂ ಹಸುವಿಗೆ ಹುಲ್ಲು ಕೊಯ್ಯಲು ಅಲ್ಲಿಗೆ ಹೋಗುತ್ತಿದ್ದರು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಬಯಲಲ್ಲಿ ಒಂದು ಕಲ್ಲಿಲ್ಲ, ಗಿಡವಿಲ್ಲ. ಆದರೂ ಅವರು ಸ್ವಲ್ಪ ದೂರ ನೆಟ್ಟಗೆ ನಡೆದು ಥಟ್ಟನೆ ಎಡಕ್ಕೆ ತಿರುಗುವರು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಹಿಂದಿರುಗುವಾಗಲೂ ಅದೇ ಸೊಟ್ಟ ದಾರಿ. ಉಳಿದ ಹೆಂಗಸರೂ ಹಾಗೆಯೇ. ಸವಿತಾಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ದೊಡ್ಡಮ್ಮ ಯಾವಾಗಲೂ ಹಂಗೇ ಎಂದು ಮಗ್ಗುಲು ಬದಲಿಸಿದಳು.

ಮೂರನೆಯ ದಿನ ಸಂಜೆ ಅವರನ್ನೇ ಕೇಳೋಣವೆಂದು ಹೊರಟೆ. ಅವರು ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು. ನಾನು ಅವರ ಕಡೆಗೆ ನೆಟ್ಟಗೆ ನಡೆದೆ. ಮೇಲಿನ ಮಣ್ಣು ಸುಟ್ಟ ಹಪ್ಪಳದಂತೆ ಒಣಗಿ ಬಿರುಕು ಬಿಟ್ಟಿತ್ತು. ಅರ್ಧ ದಾರಿಯಲ್ಲಿ ಒಂದು ಕಾಲು ಮೊಣಕಾಲಿನವರೆಗೆ ಇಳಿಯಿತು. ಅದನ್ನು ಎಳೆಯಲು ಹೋಗಿ ಇನ್ನೊಂದು ಕಾಲೂ ಇಳಿಯಿತು. ಒದ್ದಾಡಿದಷ್ಟೂ ಕೆಳಗೆ ಹೋದೆ. ಕೆಸರು ತೊಡೆಯವರೆಗೆ ಬಂತು. ಕೆಳಗೆ ಕಾಲಿಗೆ ಏನೂ ಸಿಗುತ್ತಿರಲಿಲ್ಲ.

ಕೂಗಬೇಕೆಂದು ಗೊತ್ತಿತ್ತು. ಆದರೆ ನನಗೆ ಕೂಗಿ ಅಭ್ಯಾಸವಿಲ್ಲ. ತರಗತಿಯಲ್ಲಿ ಹಾಜರಿ ಹೇಳುವಾಗಲೂ ಎರಡು ಸಲ ಹೇಳಬೇಕಾಗುತ್ತಿತ್ತು. "ಜಯಮ್ಮನವರೇ, ಒಂದು ನಿಮಿಷ," ಎಂದೆ. ಅವರು ಕೈ ಬೀಸಿದರು. "ಬತ್ತೀನಿ, ಕುಂತಿರವ್ವ," ಎಂದು ಹೊರೆ ಸರಿಮಾಡಿಕೊಂಡು ಅದೇ ನಿಧಾನದಲ್ಲಿ ನಡೆದರು. ನಾನು ಕೂತಿದ್ದೇನೆ ಅಂದುಕೊಂಡಿದ್ದರು.

ಕೆಸರು ಸೊಂಟಕ್ಕೆ ತಾಗಿದಾಗ ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ.

ಜಯಮ್ಮನವರು ನಿಂತು ನೋಡಿದರು. ನಮ್ಮ ನಡುವೆ ಮೂವತ್ತು ಹೆಜ್ಜೆ ಇದ್ದಿರಬಹುದು. ಆದರೆ ಅವರು ನನಗೆ ಬೆನ್ನು ಹಾಕಿ ಬೇರೆ ಕಡೆಗೆ ನಡೆದುಬಿಟ್ಟರು. ಅಷ್ಟು ಒಂಟಿತನ ನನ್ನನ್ನು ಹಿಂದೆಂದೂ ಕಾಡಿರಲಿಲ್ಲ. ಬಿಟ್ಟು ಹೋದರು ಎಂದೇ ಅಂದುಕೊಂಡೆ. ಅವರು ದೂರದಲ್ಲಿ ಒಂದು ಕಡೆ ತಿರುಗಿದರು, ಇನ್ನೊಂದು ಕಡೆ ತಿರುಗಿದರು, ಆಮೇಲೆ ನನ್ನ ಬೆನ್ನ ಹಿಂದಿನಿಂದ ಅವರ ಧ್ವನಿ ಕೇಳಿತು.

"ಕಾಲು ಎಳೀಬ್ಯಾಡ. ಇಂದಕ್ಕೆ ಒರಗು, ಮಂಚದ ಮ್ಯಾಲೆ ಒರಗಿದಂಗೆ."

ಬಟ್ಟೆ ಎಂದು ನಾನು ಗೊಣಗಿದೆನಂತೆ. "ಬಟ್ಟೆ ಒಗೀಬೋದು ಕಣವ್ವ, ಒರಗು," ಎಂದರು. ಹೊರೆ ಬಿಚ್ಚಿ ಹುಲ್ಲನ್ನೆಲ್ಲ ನನ್ನ ಬೆನ್ನ ಹಿಂದೆ ಹರಡಿದರು. ನಾನು ಅದರ ಮೇಲೆ ಅಂಗಾತ ಒರಗಿದೆ. ಹೊರೆ ಕಟ್ಟಿದ್ದ ಹಗ್ಗವನ್ನು ನನ್ನ ಕಂಕುಳ ಕೆಳಗೆ ಹಾಕಿಸಿ, ಒಂದು ಕಾಲನ್ನು ಮೆಲ್ಲಗೆ ಅಲ್ಲಾಡಿಸು ಎನ್ನುವರು, ಸ್ವಲ್ಪ ಎಳೆಯುವರು, ನಿಲ್ಲಿಸುವರು. ನಡುವೆ ನಮ್ಮ ಮನೆಯಲ್ಲಿ ಎಷ್ಟು ಜನ, ಹಸು ಇದೆಯಾ ಎಂದೆಲ್ಲ ಕೇಳಿದರು. ಉತ್ತರ ಹೇಳುತ್ತ ಹೇಳುತ್ತ ನನ್ನ ಉಸಿರಾಟ ಹತೋಟಿಗೆ ಬಂತು. ಎಷ್ಟು ಹೊತ್ತಾಯಿತೋ, ಚಪ್ಪಲಿಗಳನ್ನು ಕೆಸರಿಗೆ ಬಿಟ್ಟು ಗಟ್ಟಿ ನೆಲಕ್ಕೆ ಬಂದೆ.

ನೆಟ್ಟಗೆ ಏಕೆ ಬರಲಿಲ್ಲ ಎಂದು ಕೇಳಿದೆ. ಬಂದಿದ್ದರೆ ಇಬ್ಬರೂ ಹೂತುಹೋಗುತ್ತಿದ್ದೆವು ಎಂದರು. ನಾವು ನಿಂತಿದ್ದದ್ದು ಅವರ ಹಳೆಯ ಊರಿನ ಬೀದಿ. ಅಣೆಕಟ್ಟು ಕಟ್ಟಿ ಊರು ಮುಳುಗಿದಾಗ ಅವರು ಶಾಲೆಗೆ ಹೋಗುವ ಹುಡುಗಿ. ಜನ ತುಳಿದು ತುಳಿದು ಗಟ್ಟಿಯಾದ ಬೀದಿಯ ಮೇಲೆ ಹೂಳು ತೆಳ್ಳಗಿದೆ, ಗುಂಡಿಗಳಿದ್ದ ಕಡೆ ಆಳಕ್ಕೆ ತುಂಬಿಕೊಂಡಿದೆ.

"ನೀನು ಬಿದ್ದಿದ್ದು ಸಣ್ಣಜ್ಜಿ ಮನೆ ತಿಪ್ಪೆಗುಂಡಿ," ಎಂದರು. "ಆಗ ಬಿದ್ದಿದ್ರೆ ಒಂದು ವಾರ ಯಾರೂ ಅತ್ರ ಬತ್ತಿರ್ಲಿಲ್ಲ." ನನಗೆ ನಗು ಬಂತು, ಅಳುವೂ ಬಂತು.

ಹಿಂದಿರುಗುವಾಗ ಅವರ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನಡೆದೆ. ಪ್ರತಿ ತಿರುವಿನಲ್ಲೂ ಯಾರ ಮನೆ, ಯಾರ ಜಗಲಿ ಎಂದು ಹೇಳುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಬರೀ ಮಣ್ಣು. ಒಂದು ಕಡೆ ಮಾತು ನಿಲ್ಲಿಸಿ, ಸೀರೆಯ ನೆರಿಗೆ ಸ್ವಲ್ಪ ಎತ್ತಿಕೊಂಡು, ಏನನ್ನೋ ದಾಟುವವರಂತೆ ಬಲಗಾಲು ಮುಂದಿಟ್ಟರು. ನಾನೂ ಕಾಲೆತ್ತಿದೆ. ಅವರು ತಿರುಗಿ ನನ್ನ ಕಾಲು ನೋಡಿದರು.

"ನೀನು ಸುತ್ತಾಕೊಂಡು ಬಾ ಮಗ. ಕೆಸರುಗಾಲಲ್ಲಿ ನಮ್ಮನೆ ಒಳಿಕ್ಕೆ ಬರಬ್ಯಾಡ."

ಅದು ತಮಾಷೆಯೋ ಅಲ್ಲವೋ, ಮುಖ ನೋಡಿ ತಿಳಿಯುವಷ್ಟು ಬೆಳಕಿರಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳಲೂ ಮನಸ್ಸಾಗಿಲ್ಲ. ಅವರು ಬೆರಳಿನಿಂದ ಗೋಡೆಯ ಅಂಚು ತೋರಿಸಿದರು. ನಾನು ಅದಕ್ಕೆ ಮೈ ತಾಗಿಸದಂತೆ, ಹುಷಾರಾಗಿ ಸುತ್ತಿಕೊಂಡು ಹೋದೆ.