ಅಕ್ಕನ ಬಿಯರಿಗೆ ಭಾವನ ತೀರ್ಪು

ನಮ್ಮ ಭಾವನ ಮೂಗಿನ ಬಗ್ಗೆ ಜನ ಹೇಳುವುದರಲ್ಲಿ ಅರ್ಧಕ್ಕರ್ಧ ಬುರುಡೆ. ಮೂರು ಬೀದಿಯಾಚೆ ಹಾಲು ಸೀದರೆ ಅವರಿಗೆ ಇಲ್ಲಿ ಗೊತ್ತಾಗುತ್ತದಂತೆ, ಮಳೆ ಬರುವ ಮೊದಲೇ ವಾಸನೆ ಹಿಡಿದು ಕೊಡೆ ತೆಗೆದುಕೊಂಡು ಹೊರಡುತ್ತಾರಂತೆ. ಮಣ್ಣಂಗಟ್ಟಿ. ಅವರು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದು ನಮ್ಮಕ್ಕನ ಕೈಲಿ ಬೈಸಿಕೊಂಡದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಆದರೆ ಬಿಯರಿನ ವಿಷಯಕ್ಕೆ ಬಂದರೆ ಅವರ ಮೂಗಿಗೆ ಎದುರಾಡುವವರು ನಮ್ಮ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ಆ ಒಬ್ಬಳು ನಮ್ಮಕ್ಕ.

ಭಾವ ರುಚಿ ನೋಡುವ ಕೋಣೆಗೆ ಹಿರಿಯರು. ಅಕ್ಕ ಕೆಳಗೆ ಬಿಯರ್ ಕಾಯಿಸುವವಳು. ನಾನು ಅವಳ ಬೆನ್ನ ಹಿಂದೆ ನಿಂತು, ಬೈಸಿಕೊಂಡು, ಅದೇ ಕೆಲಸ ಕಲಿತವಳು. ಮೇಲಿನ ಕೋಣೆಯಲ್ಲಿ ಭಾವ ಒಪ್ಪದೆ ಒಂದು ಬಾಟಲಿಯೂ ಗೇಟು ದಾಟುತ್ತಿರಲಿಲ್ಲ. ಕೆಲಸದ ದಿನ ಅವರು ಸೆಂಟಿಲ್ಲದ ಸೋಪಿನಲ್ಲಿ ಸ್ನಾನ ಮಾಡುತ್ತಿದ್ದರು, ಈರುಳ್ಳಿ ಮುಟ್ಟುತ್ತಿರಲಿಲ್ಲ, ಕಾಫಿ ಕುಡಿಯುತ್ತಿರಲಿಲ್ಲ. ಪಕ್ಕದಲ್ಲಿ ಯಾರಾದರೂ ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಕೂತರೆ ಮುಖ ಗಂಟು ಹಾಕಿಕೊಂಡು ಎದ್ದು ಹೋಗುತ್ತಿದ್ದರು.

ಅವರಿಬ್ಬರ ಪರಿಚಯವಾದದ್ದೇ ಜಗಳದಿಂದ. ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ಬಿಯರನ್ನು ಭಾವ ಬೆಣ್ಣೆ ವಾಸನೆ ಬರುತ್ತಿದೆ ಎಂದು ವಾಪಸು ಕಳಿಸಿದರು. ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ರಬ್ಬರ್ ಬೂಟಿನಲ್ಲೇ ದಡದಡ ಮೆಟ್ಟಿಲು ಹತ್ತಿ ಹೋಗಿ, "ಇಡೀ ಕಾರ್ಖಾನೇಲಿ ಯಾರಿಗೂ ಬರದ ಬೆಣ್ಣೆ ವಾಸನೆ ನಿಮಗೊಬ್ಬರಿಗೇ ಹೇಗ್ರೀ ಬಂತು? ಬೆಳಿಗ್ಗೆ ತಿಂಡಿ ತಿಂದು ಕೈ ತೊಳ್ಕೊಂಡ್ರಾ ಇಲ್ವಾ?" ಅಂದಳಂತೆ. ಭಾವ ಎರಡೂ ಕೈ ಮುಂದೆ ಚಾಚಿದರಂತೆ. ಇವಳು, ಗಂಡುಬೀರಿ, ನಿಜವಾಗಿಯೂ ಬಗ್ಗಿ ಮೂಸಿ ನೋಡಿದಳಂತೆ. ಕೈಗೆ ಯಾವ ವಾಸನೆಯೂ ಇರಲಿಲ್ಲ. ಕೆಳಗೆ ಬಂದು ತೊಟ್ಟಿ ಬಿಚ್ಚಿ ನೋಡಿದರೆ ಭಾವ ಹೇಳಿದ್ದೇ ಸರಿ. ಆ ವರ್ಷದ ಕೊನೆಗೆ ಮದುವೆಯಾದರು.

ಮದುವೆಯಾದ ಮೇಲೂ ಭಾವ ಅವಳಿಗೆ ಒಂದು ಅಂಕ ಹೆಚ್ಚು ಕೊಟ್ಟವರಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬಿಯರ್ ಮಾಡಿದವರು ತೀರ್ಪಿನ ಹೊತ್ತಿಗೆ ಕೋಣೆಯೊಳಗೆ ಬರುವ ಹಾಗಿಲ್ಲ, ಗಾಜಿನ ಕಿಟಕಿಯ ಆಚೆ ನಿಲ್ಲಬೇಕು. ಬಣ್ಣ ಕಾಣದಂತೆ ಕಪ್ಪು ಗಾಜಿನ ಲೋಟದಲ್ಲಿ ಸುರಿಯುತ್ತಾರೆ, ಯಾವುದು ಯಾರದ್ದೆಂದು ಸುರಿದವರಿಗೆ ಮಾತ್ರ ಗೊತ್ತು. ಅಕ್ಕ ಕಿಟಕಿಯ ಆಚೆ ನಿಂತು ಭಾವನ ಹುಬ್ಬು ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ ಹಲ್ಲು ಕಡಿಯುತ್ತಿದ್ದಳು. "ಮನೇಗೆ ಬರ್ಲಿ ಇವತ್ತು" ಅನ್ನುತ್ತಿದ್ದಳು. ಮನೆಗೆ ಹೋದ ಮೇಲೆ ಇಬ್ಬರೂ ನಗುತ್ತಿದ್ದರು. ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಮಾತು, ವಾದ, ನಗು ಮೂರಕ್ಕೂ ಬಿಯರೇ ಸಾಕಾಗಿತ್ತು.

ಅವಳು ಮಾಡಿದ್ದರಲ್ಲೆಲ್ಲ ಹೆಸರು ಮಾಡಿದ್ದು ಇಂಡಿಯಾ ಪೇಲ್ ಏಲ್ ಅನ್ನುವ ಕಹಿ ಜಾಸ್ತಿಯ ಒಂದು ಬಿಯರು. ಬಿಯರಿನ ಕಹಿಯೂ ಪರಿಮಳವೂ ಬರುವುದು ಹಾಪ್ಸ್ ಅನ್ನುವ ಬಳ್ಳಿಯ ಹಸಿರು ಹೂವಿನಿಂದ. ಸಾಮಾನ್ಯವಾಗಿ ನಾಲ್ಕಾರು ಬಗೆಯ ಹಾಪ್ಸ್ ಬೆರೆಸುತ್ತಾರೆ, ಒಂದರ ಹುಳುಕನ್ನು ಇನ್ನೊಂದು ಮುಚ್ಚುತ್ತದೆ. ಅಕ್ಕ ಇದಕ್ಕೆ ಒಂದೇ ಒಂದು ಬಗೆಯದನ್ನು ಹಾಕಿದಳು. ಹಾಗೆ ಮಾಡಿದರೆ ತಪ್ಪು ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ. ಲೋಟ ಮೂಗಿನ ಹತ್ತಿರ ತಂದರೆ ಆಗತಾನೇ ಸುಲಿದ ಚಕ್ಕೋತದ ಸಿಪ್ಪೆ. ಬಾಯಿಗಿಟ್ಟರೆ ಪೈನ್ ಮರದ ಅಂಟಿನ ಹಾಗೆ ಒಂದು ಒಗರು, ಆಮೇಲೆ ಚುರುಕಾದ ಕಹಿ. ಆ ಕಹಿ ನಾಲಿಗೆಯ ಮೇಲೆ ನಿಲ್ಲದೆ ತಟ್ಟನೆ ಹೋಗುತ್ತಿತ್ತು, ಹೋದ ಮೇಲೆ ಇನ್ನೊಂದು ಗುಟುಕು ಬೇಕೆನ್ನಿಸುತ್ತಿತ್ತು. ಅಕ್ಕನ ಸ್ವಭಾವವೂ ಹಾಗೇ ಇತ್ತು. ಭಾವ ಅದಕ್ಕೆ ಪೂರ್ತಿ ಅಂಕ ಕೊಟ್ಟರು. ಗಂಡನಾಗಿ ಅಲ್ಲ, ಲೋಟದಲ್ಲಿ ಏನಿದೆ ಎಂದು ತಿಳಿಯದೆಯೇ ಕೊಟ್ಟರು. ಅಕ್ಕ ಕಿಟಕಿಯಾಚೆ ನನ್ನ ತೋಳು ಹಿಡಿದು ಅತ್ತಳು.

ಈ ಬಿಯರಿಗೆ ಒಂದು ಶಾಪ ಉಂಟು. ಇದು ಇಡುವ ಬಿಯರಲ್ಲ. ಹಾಪ್ಸಿನ ಪರಿಮಳ ಕೆಲವು ತಿಂಗಳಲ್ಲಿ ಹಾರಿಹೋಗುತ್ತದೆ. ಮೊದಲು ಸಿಪ್ಪೆಯ ಘಮ ಹೋಗುತ್ತದೆ, ಆ ಜಾಗಕ್ಕೆ ಜೇನಿನಂಥ ಮಂದ ಸಿಹಿ ಬರುತ್ತದೆ, ಕೊನೆಗೆ ಒದ್ದೆ ರಟ್ಟಿನ ವಾಸನೆ. ಬೆಚ್ಚಗಿಟ್ಟರಂತೂ ಇನ್ನೂ ಬೇಗ. ಅಂಗಡಿಯವರನ್ನೆಲ್ಲ ಕೂರಿಸಿಕೊಂಡು ಇದನ್ನೇ ಪಾಠ ಮಾಡುತ್ತಿದ್ದವರು ಭಾವ.

ಒಂದು ಬೆಳಿಗ್ಗೆ ಈ ಬಿಯರನ್ನೇ ಬಾಟಲಿಗೆ ತುಂಬಿಸುತ್ತಿದ್ದಾಗ ಅಕ್ಕ ತಲೆ ಸಿಡಿಯುತ್ತಿದೆ ಅಂದಳು. ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಳು. "ನೀನು ಮೆಷಿನ್ ನಿಲ್ಲಿಸ್ಬೇಡ ಕಣೇ, ನಾನು ಈಗ ಬಂದೆ" ಅಂದಳು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ನನಗೆ ಅಮ್ಮನೂ ಅವಳೇ, ಗುರುವೂ ಅವಳೇ ಆಗಿದ್ದಳು. ಎಷ್ಟು ಅತ್ತರೂ ಸಾಲಲಿಲ್ಲ.

ಭಾವ ಅಳಲಿಲ್ಲ. ಆ ದಿನ ತುಂಬಿದ ಬಾಟಲಿಗಳಲ್ಲಿ ಕೆಲವು ಕ್ರೇಟುಗಳನ್ನು ಕೇಳಿ ಪಡೆದು ಮನೆಗೆ ಒಯ್ದರು. ಅಕ್ಕನ ಬಟ್ಟೆಗಳಿದ್ದ ಬೀರುವಿನ ಕೆಳಗಿನ ಖಾನೆಯಲ್ಲಿ ಜೋಡಿಸಿದರು. "ಭಾವ, ಫ್ರಿಜ್ಜಲ್ಲಾದ್ರೂ ಇಡಿ, ಹಾಳಾಗತ್ತೆ" ಅಂತ ನಾನು ಹೇಳಿದೆ.

"ಬದುಕಿರೋತನಕ ಆ ಕೋಲ್ಡ್ ರೂಮಲ್ಲಿ ನಡುಗಿದ್ದಾಳೆ. ಈಗಲೂ ಚಳೀಲಿ ಇಡ್ಲಾ?" ಅಂದರು.

ನಾನು ಬೀರುವಿನ ಬಾಗಿಲು ಹಾಕಿದೆ.

ಅಂದಿನಿಂದ ಭಾನುವಾರಕ್ಕೊಂದು ಬಾಟಲಿ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು ಭಾವ ಒಬ್ಬರೇ ಕುಡಿಯುತ್ತಿದ್ದರು. ಯಾರಿಗೂ ಒಂದು ಹನಿ ಕೊಡುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಅಷ್ಟರಿಂದ ಅವರಿಗೆ ಸಮಾಧಾನ ಸಿಗುತ್ತಿದ್ದರೆ ಸಿಗಲಿ ಬಿಡು ಅಂದುಕೊಂಡೆ. ಕೆಲಸದಲ್ಲಿ ಅವರ ಮೂಗು ಮೊದಲಿನಷ್ಟೇ ಚುರುಕಾಗಿತ್ತು. ಉಳಿದ ಬಿಯರುಗಳಲ್ಲಿ ಎಳ್ಳಷ್ಟು ತಪ್ಪಿದ್ದರೂ ಹಿಡಿದು ಹಾಕುತ್ತಿದ್ದರು.

ಮಾರನೆಯ ವರ್ಷ ಅದೇ ಹಾಪ್ಸಿನ ಹೊಸ ಬೆಳೆ ಬಂತು. ಕಾರ್ಖಾನೆಯ ಯಜಮಾನರು ನನ್ನನ್ನು ಕರೆದು, "ನಿಮ್ಮಕ್ಕನ ಬಿಯರು ಮತ್ತೆ ಮಾಡಮ್ಮ. ಅವಳ ಹೆಸರಲ್ಲೇ ಬಿಡೋಣ. ಆದ್ರೆ ನಿಮ್ಮ ಭಾವ ಅವಳದ್ದೇ ಅಂತ ಒಪ್ಪಬೇಕು, ಇಲ್ದಿದ್ರೆ ಬೇಡ" ಅಂದರು. ಅಕ್ಕನದೆಂದು ಈ ಭೂಮಿಯ ಮೇಲೆ ಉಳಿಯಬಹುದಾದದ್ದು ಅದೊಂದೇ.

ಮಾಡಿದೆ. ಅವಳು ಕಲಿಸಿದ ಹಾಗೇ, ಮೊಳಕೆ ಬಾರ್ಲಿಯ ಅದೇ ಮಾಲ್ಟು, ಅದೇ ಬಿಸಿ, ಹಾಪ್ಸ್ ಹಾಕುವ ಹೊತ್ತೂ ಅದೇ. ತೊಟ್ಟಿಯಿಂದ ಮೊದಲ ಲೋಟ ಹಿಡಿದು ಮೂಸಿದಾಗ ಅಕ್ಕ ಪಕ್ಕದಲ್ಲೇ ನಿಂತು "ಪರವಾಗಿಲ್ವೇ" ಅಂದ ಹಾಗಾಯಿತು.

ಭಾವ ಒಪ್ಪಲಿಲ್ಲ. "ಕೆಲಸ ಶುದ್ಧವಾಗಿದೆ. ಆದರೆ ಅವಳದ್ದಲ್ಲ" ಅಂದರು.

ಇನ್ನೊಂದು ಸಲ ಮಾಡಿದೆ. ಆಗಲೂ ಇಲ್ಲವೆಂದರು. ನನಗೆ ತಡೆಯಲಾಗಲಿಲ್ಲ, ಮೆಟ್ಟಿಲ ಮೇಲೇ ಅಡ್ಡಗಟ್ಟಿ ಕೇಳಿದೆ. "ಏನು ಕಮ್ಮಿಯಾಗಿದೆ ಭಾವ, ಬಾಯಿಬಿಟ್ಟು ಹೇಳಿ."

"ಕಮ್ಮಿ ಅಲ್ಲ, ಜಾಸ್ತಿ. ತುಂಬಾ ಚೂಪು. ಅವಳದ್ದು ಮೆತ್ತಗಿತ್ತು. ಜೇನಿನ ಹಾಗೆ, ನಿಧಾನ."

"ಅಕ್ಕ ಯಾವತ್ತು ಮೆತ್ತಗಿದ್ದಳು?"

"ಮೆತ್ತಗೇ ಇದ್ದಳು. ನನ್ನ ಹತ್ತಿರ ಒಂದು ದಿನ ಗಟ್ಟಿಯಾಗಿ ಮಾತಾಡಿದವಳಲ್ಲ" ಅಂದು ಇಳಿದು ಹೋದರು.

ಯಾರ ಹೆಂಡತಿಯ ಬಗ್ಗೆ ಹೇಳುತ್ತಿದ್ದಾರೆ ಇವರು? ಅವಳು ಬೈದರೆ ಎರಡನೇ ಮಹಡಿಗೆ ಕೇಳುತ್ತಿತ್ತು. ಹಾಪ್ಸ್ ಇನ್ನೊಂದೇ ತೊಟ್ಟಿಗೆ ಆಗುವಷ್ಟು ಉಳಿದಿತ್ತು. ಈ ಸಲವೂ ಭಾವ ತಲೆ ಅಲ್ಲಾಡಿಸಿದರೆ ಮುಗಿಯಿತು, ಅಕ್ಕನ ಬಿಯರು ಅಕ್ಕನ ಜೊತೆಗೇ ಹೋದಂತೆ. ನನ್ನ ನಾಲಿಗೆಯ ಮೇಲೇ ನನಗೆ ಅನುಮಾನ ಶುರುವಾಯಿತು.

ಆ ಭಾನುವಾರ ಅವರ ಮನೆಗೆ ಹೋಗಿ, ನಾಚಿಕೆ ಬಿಟ್ಟು, "ನನಗೂ ಒಂದು ಗುಟುಕು ಕೊಡಿ" ಅಂದೆ. ಭಾವ ಎದ್ದು ಬೀರು ತೆರೆದರು. ಅಕ್ಕನ ಸ್ವೆಟರುಗಳು ಇನ್ನೂ ಹಾಗೇ ನೇತಾಡುತ್ತಿದ್ದವು. ಬಾಟಲಿ ತಂದು ನನ್ನ ಲೋಟಕ್ಕೆ ಅರ್ಧ ಸುರಿದು, ತಮ್ಮದನ್ನು ಕಣ್ಣುಮುಚ್ಚಿ ಮೂಸಿದರು. ಮುಖವೆಲ್ಲ ಸಡಿಲವಾಯಿತು. "ನೋಡು" ಅಂದರು. "ಇವಳು."

ನಾನು ಮೂಸಿದೆ. ಜೇನು, ಹಳೇ ಜಾಮು, ಅದರಡಿ ಒದ್ದೆ ರಟ್ಟು. ಚಕ್ಕೋತದ ಸುಳಿವೂ ಇರಲಿಲ್ಲ. ಬಿಯರು ಎಂದೋ ಸತ್ತುಹೋಗಿತ್ತು.

ಆಗ ನನಗೆ ಎಲ್ಲ ತಿಳಿಯಿತು. ಒಮ್ಮೆಲೇ ಹಾಳಾಗಿದ್ದರೆ ಭಾವ ಮೊದಲ ಗುಟುಕಿಗೇ ಹಿಡಿಯುತ್ತಿದ್ದರು. ಅದು ವಾರವಾರವೂ ಕೂದಲೆಳೆಯಷ್ಟು ಬದಲಾಯಿತು, ಇವರ ನೆನಪೂ ವಾರವಾರ ಅದರ ಜೊತೆ ಹೆಜ್ಜೆ ಹಾಕಿತು. ಮಗು ಎದುರಿಗೇ ಬೆಳೆಯುತ್ತಿದ್ದರೆ ತಾಯಿಗೆ ಅದು ತಿಳಿಯದ ಹಾಗೆ. ಬಿಟ್ಟೂ ಬಿಡದೆ ಕುಡಿದದ್ದರಿಂದಲೇ ಹೀಗಾಯಿತು. ಕುಡಿಯದೆ ಸುಮ್ಮನಿದ್ದಿದ್ದರೆ ಅವಳ ರುಚಿ ಅವರ ತಲೆಯಲ್ಲಿ ಹಾಗೇ ಉಳಿಯುತ್ತಿತ್ತೇನೋ. ಲೋಟ ಖಾಲಿ ಮಾಡಿ, "ಇಂಥದ್ದೇ ಇನ್ನೊಂದು ಬಾಟಲಿ ಕೊಡಿ ಭಾವ, ನನ್ನದರ ಪಕ್ಕ ಇಟ್ಟು ತೀರ್ಪು ಹೇಳಿ" ಅಂದೆ.

"ತಗೊಂಡು ಹೋಗು. ಪಕ್ಕದಲ್ಲಿಟ್ರೆ ನಿನಗೇ ಗೊತ್ತಾಗತ್ತೆ" ಅಂದರು, ಮೃದುವಾಗಿ.

ನಮ್ಮಲ್ಲಿ ಪ್ರತಿ ಸಲ ತುಂಬಿದಾಗಲೂ ಒಂದಿಷ್ಟು ಬಾಟಲಿಗಳನ್ನು ಕೋಲ್ಡ್ ರೂಮಿನಲ್ಲಿ ತೆಗೆದಿಡುತ್ತಾರೆ, ನಾಳೆ ಯಾರಾದರೂ ದೂರು ತಂದರೆ ಬೇಕಾಗುತ್ತದೆಂದು. ಮಂಜುಗಡ್ಡೆಯಂಥ ಆ ಚಳಿಯಲ್ಲಿ ಬಿಯರು ತುಂಬಾ ನಿಧಾನ ಮುದಿಯಾಗುತ್ತದೆ. ಹುಡುಕಿದೆ. ಹಿಂದಿನ ಸಾಲಿನಲ್ಲಿ ಅಕ್ಕನ ಕೊನೆಯ ದಿನದ್ದು ಒಂದೇ ಒಂದು ಉಳಿದಿತ್ತು, ಕುತ್ತಿಗೆಗೆ ಅವಳೇ ಕಟ್ಟಿದ ಚೀಟಿ.

ಮೂರನೇ ತೊಟ್ಟಿಯ ಬಿಯರು ಸಿದ್ಧವಾದ ದಿನ ಲ್ಯಾಬಿನ ಹುಡುಗಿ ಮೂರು ಕಪ್ಪು ಲೋಟಗಳಿಗೆ ಸುರಿದಳು. ಒಂದರಲ್ಲಿ ನನ್ನ ಹೊಸ ಬಿಯರು, ಒಂದರಲ್ಲಿ ಭಾವನ ಬೀರುವಿನದು, ಒಂದರಲ್ಲಿ ಕೋಲ್ಡ್ ರೂಮಿನದು. ಕೋಲ್ಡ್ ರೂಮಿನ ಬಾಟಲಿಯ ವಿಷಯ ಭಾವನಿಗೆ ಹೇಳಿರಲಿಲ್ಲ. ಯಜಮಾನರು ಮೂಲೆಯಲ್ಲಿ ಕೂತಿದ್ದರು. ನಾನು ಕಿಟಕಿಯಾಚೆ, ಅಕ್ಕ ನಿಲ್ಲುತ್ತಿದ್ದಲ್ಲೇ ನಿಂತಿದ್ದೆ. ಬಾಗಿಲು ಸ್ವಲ್ಪ ತೆರೆದಿದ್ದರಿಂದ ಮಾತು ಕೇಳುತ್ತಿತ್ತು.

ಭಾವ ಅವಸರಪಡಲಿಲ್ಲ. ಮೂಸಿದರು, ಗುಟುಕರಿಸಿದರು, ನೀರು ಕುಡಿದರು, ಮತ್ತೆ ಮೂಸಿದರು. ಆಮೇಲೆ ಎರಡು ಲೋಟಗಳನ್ನು ಒಂದು ಕಡೆ ಸರಿಸಿದರು. "ಇವೆರಡೂ ಒಂದೇ ಕೈಯ ಕೆಲಸ. ಒಂದು ಸ್ವಲ್ಪ ಹಳೇದು, ಇನ್ನೊಂದು ಹೊಸದು, ಅಷ್ಟೇ ವ್ಯತ್ಯಾಸ. ಎರಡೂ ಅವಳದ್ದಲ್ಲ." ಉಳಿದದ್ದರ ಮೇಲೆ ಅಂಗೈಯಿಟ್ಟರು. "ಇದು ಅವಳದ್ದು."

ಲ್ಯಾಬಿನ ಹುಡುಗಿ ಬಾಟಲಿಗಳನ್ನು ಲೋಟಗಳ ಮುಂದೆ ತಂದಿಟ್ಟಳು. ಭಾವ ಅಂಗೈಯಿಟ್ಟ ಲೋಟದ ಮುಂದೆ ಬೀರುವಿನ ಬಾಟಲಿ, ಅವಳದ್ದಲ್ಲವೆಂದ ಎರಡರ ಮುಂದೆ ನನ್ನದೂ ಅಕ್ಕನ ಚೀಟಿ ಕಟ್ಟಿದ್ದ ಕೋಲ್ಡ್ ರೂಮಿನದೂ. ಭಾವ ಚೀಟಿ ಓದಿದರು. ಅಕ್ಕನ ಅಕ್ಷರವನ್ನು ಬೆರಳಿಂದ ಮುಟ್ಟಿದರು. ಯಾವ ಲೋಟದ ಮುಂದೆ ಯಾವ ಬಾಟಲಿ ಎಂದು ಇನ್ನೊಮ್ಮೆ ನೋಡಿದರು. ಯಜಮಾನರು ತಲೆ ತಗ್ಗಿಸಿದರು.

ನನಗೆ ಗೆದ್ದೆ ಅನ್ನಿಸಲಿಲ್ಲ. ಕಿಟಕಿ ಒಡೆದು ಒಳಗೆ ಹೋಗಿ ಆ ಮೂರೂ ಲೋಟ ಚೆಲ್ಲಿಬಿಡೋಣ ಅನ್ನಿಸಿತು. ಪದ್ಧತಿ ಮರೆತು ಒಳಗೆ ಹೋದೆ, ಯಾರೂ ತಡೆಯಲಿಲ್ಲ.

"ನಾನು ಭಾನುವಾರ ಭಾನುವಾರ ಅವಳನ್ನ ನೋಡ್ತಿದ್ದೀನಿ ಅಂದ್ಕೊಂಡಿದ್ದೆ" ಅಂದರು ಭಾವ. "ಅಳಿಸಿ ಹಾಕ್ತಾ ಇದ್ದೆ."

"ಹಾಗನ್ಬೇಡಿ ಭಾವ."

"ಏನಂತ ಬರೀಲಿ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

"ಒಪ್ಪಿಗೆ ಅಂತ ಬರಿ. ಕೆಳಗೆ ನನ್ನ ಹೆಸರು ಬೇಡ, ಇವಳದ್ದು ಹಾಕು. ಅವಳ ರುಚಿ ಇವಳಿಗೆ ಗೊತ್ತು" ಎಂದು ಭಾವ ನನ್ನನ್ನು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹೇಗಿರ್ತಿತ್ತು ಹೇಳು ಅವಳದ್ದು" ಅಂದರು.

ಹೇಳಿದೆ. ಚಕ್ಕೋತದ ಸಿಪ್ಪೆ ಅಂದೆ. ಒಗರು ಅಂದೆ, ಚುರುಕು ಕಹಿ ಅಂದೆ, ತಟ್ಟನೆ ಹೋಗಿಬಿಡುತ್ತಿತ್ತು ಅಂದೆ. ಅವಳು ಬೈಯುತ್ತಿದ್ದದ್ದನ್ನೂ ಹೇಳಿದೆ, ಬೂಟಿನ ಸದ್ದನ್ನೂ. ಅಳುತ್ತಲೇ ಹೇಳಿದೆ. ಭಾವ ಅಕ್ಕನ ಲೋಟ ಹಿಡಿದು, ನನ್ನ ಒಂದೊಂದು ಮಾತಿಗೂ ಒಂದೊಂದು ಸಲ ಮೂಸಿ ನೋಡಿದರು. ಹೇಳಿದ್ದೆಲ್ಲ ಅದರಲ್ಲಿತ್ತು, ಅವರಿಗೆ ಎಲ್ಲವೂ ಸಿಕ್ಕಿತು, ತಲೆಯಾಡಿಸಿದರು. ಆದರೆ ಮುಖ ಸಡಿಲವಾಗಲಿಲ್ಲ. ರುಚಿ ನೋಡಿದ್ದನ್ನು ಉಗುಳುವ ಪಾತ್ರೆ ಪಕ್ಕಕ್ಕೆ ಸರಿಸಿ ತಳದವರೆಗೂ ಕುಡಿದು ಲೋಟ ಕೆಳಗಿಟ್ಟರು.

"ಒಳ್ಳೆ ಬಿಯರು" ಅಂದರು. ಬೇರೆ ಕಾರ್ಖಾನೆಯವರು ಕಳಿಸಿದ ಬಾಟಲಿಗಳಿಗೆ ಅವರು ಹೇಳುತ್ತಿದ್ದದ್ದು ಆ ಮಾತನ್ನೇ, ಅದೇ ದನಿಯಲ್ಲಿ.